ಅಡಿಕೆ ದಬ್ಬೆಯ ಗುರಿಹಲಗೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ಸೀಮೆಯ ಬೆಳೆಗಾರರಿಗೆ ಕೋವಿ ಹೊಸದಲ್ಲ. ಬೆಳೆ ರಕ್ಷಣೆಗಾಗಿ ಕೇಪಿನ ಕೋವಿಗೆ, ಅಂದರೆ ನಳಿಗೆಯ ಬಾಯಿಂದ ಮದ್ದುಗುಂಡು ತುಂಬುವ ಕೋವಿಗೆ, ಪರವಾನಗಿ ನೀಡಲು 1959ರ ಶಸ್ತ್ರಾಸ್ತ್ರ ಕಾಯ್ದೆ ಅವಕಾಶ ಕಲ್ಪಿಸಿದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ನಿಷೇಧಿಸಿರುವುದರಿಂದ, ಈಡುಗಾರಿಕೆಯ ಕೌಶಲವನ್ನು ಗೌರವದಿಂದ ಉಳಿಸಿಕೊಳ್ಳಲು ಇರುವ ದಾರಿ ಗುರಿಯಭ್ಯಾಸವೇ ಆಗಿದೆ. ಈ ಅಭ್ಯಾಸಕ್ಕೆ ಬೇಕಾದ ಮೊದಲ ಸಲಕರಣೆಯಾದ ಗುರಿಹಲಗೆಯ ನಿಲುವನ್ನು ಮಲೆನಾಡಿನ ತೋಟದಲ್ಲೇ ಸಿಗುವ ವಸ್ತುಗಳಿಂದ ಕಡಿಮೆ ಖರ್ಚಿನಲ್ಲಿ ಕಟ್ಟಬಹುದು.

ನಿಲುವಿನ ಕೆಲಸ ಎರಡು: ಗುರಿಕಾಗದವನ್ನು ಅಲುಗದಂತೆ ಹಿಡಿಯುವುದು ಮತ್ತು ಗುಂಡನ್ನು ತಡೆಯದೆ ಹಾಯಲು ಬಿಡುವುದು. ಹತ್ತು ಮೀಟರ್ ಏರ್‌ರೈಫಲ್ ಸ್ಪರ್ಧೆಯ ಅಂತರರಾಷ್ಟ್ರೀಯ ನಿಯಮದಂತೆ ಗುರಿಯ ನಡುಬಿಂದು ನೆಲದಿಂದ 1.4 ಮೀಟರ್ ಎತ್ತರದಲ್ಲಿರಬೇಕು. ಹತ್ತು ಅಂಕದ ಆ ಬಿಂದುವಿನ ವ್ಯಾಸ ಕೇವಲ 0.5 ಮಿಲಿಮೀಟರ್ ಆಗಿದ್ದು, ಹಾರುವ ಗುಂಡು 4.5 ಮಿಲಿಮೀಟರ್ ದಪ್ಪವಿರುವುದರಿಂದ, ಹಲಗೆಯ ಅಲ್ಪ ಅಲುಗಾಟವೂ ಅಂಕವನ್ನು ಬದಲಿಸಬಲ್ಲದು.

ಒಣಗಿದ ಅಡಿಕೆ ಮರವನ್ನು ಉದ್ದಕ್ಕೆ ಸೀಳಿದಾಗ ದೊರೆಯುವ ಪಟ್ಟಿಯೇ ದಬ್ಬೆ. ಅದರ ಹೊರಮೈ ಗಟ್ಟಿ, ಒಳಭಾಗ ಮೆದು. ಎರಡು ದಬ್ಬೆಗಳ ಒಳಮೈಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿದರೆ ಬಾಗದ ಕಂಬವಾಗುತ್ತದೆ. ಐದೂವರೆ ಅಡಿಯ ಅಂಥ ಎರಡು ಕಂಬಗಳನ್ನು ಒಂದೂವರೆ ಅಡಿ ಅಂತರದಲ್ಲಿ ನಿಲ್ಲಿಸಲು, ಎರಡಡಿ ಉದ್ದದ ಎರಡು ಮರದ ಪಾದಗಳನ್ನು ಅಡ್ಡಪಟ್ಟಿಯಿಂದ ಜೋಡಿಸಿ, ಪ್ರತಿ ಪಾದದ ನಡುವೆ ಸಣ್ಣ ತುಂಡುಗಳನ್ನು ಹೊಡೆದು ಕಂಬ ಬಿಗಿಯಾಗಿ ಕೂರುವಷ್ಟು ಗೂಡು ಮಾಡಬೇಕು. ಕಂಬಗಳನ್ನು ಮೊಳೆಯಿಂದ ಬಂಧಿಸದಿರುವುದರಿಂದ ನಿಲುವನ್ನು ಬಿಚ್ಚಿ ಒಯ್ಯಲು ಸುಲಭ. ಗುಂಡು ತಗುಲಿ ಸೀಳಿದ ಕಂಬವನ್ನಷ್ಟೇ ಬದಲಿಸಿದರೂ ಸಾಕು. ಕಂಬಗಳ ಮೇಲ್ಭಾಗಕ್ಕೆ ರಟ್ಟಿನ ಹಾಳೆಯನ್ನು ಹುರಿಯಿಂದ ಕಟ್ಟಿ, ಅದರ ಮೇಲೆ ಮೈದಾ ಅಂಟಿನಿಂದ ಗುರಿಕಾಗದವನ್ನು ಹಚ್ಚಬೇಕು. ಗುಂಡು ಕಬ್ಬಿಣಕ್ಕೆ ತಗುಲಿದರೆ ಚಿಮ್ಮಿ ಹಿಂದಿರುಗುವ ಅಪಾಯವಿರುವುದರಿಂದ ಮೇಲ್ಭಾಗದಲ್ಲಿ ತಂತಿ, ಮೊಳೆಗಳನ್ನು ಬಳಸಬಾರದು. ಗಾಳಿಗೆ ಬೀಳದಂತೆ ಪಾದಗಳ ಮೇಲೆ ಕಲ್ಲಿನ ಬದಲು ಮರಳಿನ ಚೀಲವನ್ನಿಡುವುದಕ್ಕೂ ಇದೇ ಕಾರಣ.

ಆಗುಂಬೆಯಂಥ ಭಾರಿ ಮಳೆಯ ಊರುಳ್ಳ ಈ ಸೀಮೆಯಲ್ಲಿ ಮಳೆಗಾಲದುದ್ದಕ್ಕೂ ನಿಲುವನ್ನು ಹೊರಗೆ ಬಿಟ್ಟರೆ ರಟ್ಟು ಕರಗಿ ದಬ್ಬೆ ಕೊಳೆಯುತ್ತದೆ. ಬಿಚ್ಚಿ ಅಟ್ಟದ ಮೇಲಿಟ್ಟರೆ ಮುಂದಿನ ಬೇಸಿಗೆಗೂ ಬರುತ್ತದೆ.

ನಿಲುವು ಎಷ್ಟೇ ಗಟ್ಟಿಯಾಗಿದ್ದರೂ ಅದು ಗುಂಡನ್ನು ತಡೆಯಲಾರದು ಎಂಬುದನ್ನು ಮರೆಯಬಾರದು. ಅದರ ಹಿಂದೆ ಕಲ್ಲಿಲ್ಲದ ಮೆತ್ತನೆಯ ಮಣ್ಣಿನ ಎತ್ತರದ ದಿಬ್ಬವಿರಬೇಕು. ಗಡುಸಾದ ಜಂಬಿಟ್ಟಿಗೆಯ ಗೋಡೆ ಈ ಕೆಲಸಕ್ಕೆ ಸಲ್ಲದು. ಮದ್ದಿನ ಕೋವಿಯ ಅಭ್ಯಾಸ ಅನುಮತಿ ಪಡೆದ ಮೈದಾನದಲ್ಲಿ, ಅನುಭವಿಗಳ ಮೇಲ್ವಿಚಾರಣೆಯಲ್ಲೇ ನಡೆಯಬೇಕು. ಏರ್‌ರೈಫಲ್ ಹಿಡಿಯುವವರೂ ಕಣ್ಣಿಗೆ ರಕ್ಷಣಾ ಕನ್ನಡಕ ಧರಿಸಿ, ಸೀಸದ ಗುಂಡು ಮುಟ್ಟಿದ ಕೈಯನ್ನು ಊಟಕ್ಕೆ ಮುನ್ನ ತೊಳೆಯಬೇಕು. ಇಷ್ಟು ಶಿಸ್ತು ಪಾಲಿಸಿದರೆ, ದುಬಾರಿ ಸಲಕರಣೆ ಕೊಳ್ಳಲಾಗದ ಹಳ್ಳಿಯ ಯುವಕ ಯುವತಿಯರಿಗೂ ಈ ಕ್ರೀಡೆಯ ಬಾಗಿಲು ತೆರೆಯುತ್ತದೆ.