ಹಳೆಯ ಪೆಟ್ರೋಲ್ ಗಾಡಿಯ ಬಿಳಿ ತುಂಡು
ಅದನ್ನು ತಪ್ಪಿಸಿ ತಂತಿ ಜೋಡಿಸಿದರೆ ಆಗುವ ಹಾನಿ

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಹಳೆಯ ಪೆಟ್ರೋಲ್ ಜೀಪು ಉಳಿದಿದೆ. ರಾಶಿಯ ಕಾಲಕ್ಕೆ ನಾಲ್ಕು ಚೀಲ ಹೇರಿಕೊಂಡು ಪೇಟೆಗೆ ಹೋಗಿಬರಲು ಅದೇ ಆಸರೆ. ಇಂಥ ಕೆಲವು ಗಾಡಿಗಳ ಬಾನೆಟ್ಟಿನ ಕೆಳಗೆ, ಇಗ್ನಿಷನ್ ಕಾಯಿಲಿನ ಪಕ್ಕದಲ್ಲಿ, ಬೆರಳುದ್ದದ ಬಿಳಿ ಪಿಂಗಾಣಿಯ ತುಂಡೊಂದು ಇರುತ್ತದೆ. ಅದರ ಹೆಸರು ಬ್ಯಾಲಾಸ್ಟ್ ರೆಸಿಸ್ಟರ್. ಅದರ ಬೆಲೆ ಅಲ್ಪ. ಅದನ್ನು ಅಲಕ್ಷಿಸಿದ್ದಕ್ಕೆ ನಾವು ತೆತ್ತ ಬೆಲೆ ಅಲ್ಪವಲ್ಲ.

ತೊಗರಿ ರಾಶಿ ಮುಗಿಸಿ ಜೀಪಿನ ಹಿಂದಿನ ಟ್ರೇಲರಿನಲ್ಲಿ ಚೀಲ ಹೇರಿಕೊಂಡು ಉದಗೀರದ ಮೋಂಢಾಕ್ಕೆ ಹೊರಟಿದ್ದೆವು. ದಾರಿಯಲ್ಲಿ ಚಹಕ್ಕೆಂದು ನಿಂತು ಮತ್ತೆ ಕೀಲಿ ತಿರುಗಿಸಿದರೆ ಎಂಜಿನ್ ಹಿಡಿಯಿತು. ಕೀಲಿಯಿಂದ ಕೈ ಬಿಟ್ಟೊಡನೆ ಆರಿತು. ಹತ್ತು ಸಲ ಮಾಡಿದರೂ ಅದೇ ಆಟ. ರಸ್ತೆ ಬದಿಯ ಮಿಸ್ತ್ರಿಯೊಬ್ಬರು ಬಂದು ಬಿಳಿ ತುಂಡಿನ ಎರಡು ತುದಿಗಳಿಗೆ ಒಂದು ತಂತಿ ಜೋಡಿಸಿದರು. ಗಾಡಿ ಓಡಿತು. “ಸಾಮಾನು ಸಿಕ್ಕೊಡನೆ ಹೊಸದು ಹಾಕಿಸ್ರಿ ಗುರುಗಳೆ” ಎಂದು ಅವರು ಹೇಳಿದ್ದು ನಿಜ. ಓಡುತ್ತಿದೆಯಲ್ಲ ಎಂದು ನಾವು ಮರೆತೆವು.

ಎರಡು ವಾರದ ಮೇಲೆ ನಿಲಂಗಾದ ಹತ್ತಿರ ಜೀಪು ನಿಂತೇಬಿಟ್ಟಿತು. ಕಾಯಿಲನ್ನು ಮುಟ್ಟಿದರೆ ಬೆರಳು ಸುಡುತ್ತಿತ್ತು. ಬಾಯಿಯಿಂದ ಕಪ್ಪು ಅಂಟು ಸೋರಿತ್ತು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಸುಟ್ಟು ಗುಳಿ ಬಿದ್ದಿದ್ದವು. ಚೀಲಗಳನ್ನು ಬೇರೆ ಗಾಡಿಗೆ ಹೇರಿ, ದುಪ್ಪಟ್ಟು ಬಾಡಿಗೆ ಕೊಟ್ಟು, ಕತ್ತಲಾದ ಮೇಲೆ ಮೋಂಢಾ ಸೇರಿದೆವು. ಅಂದಿನ ಲಿಲಾವು ಮುಗಿದಿತ್ತು. ತರಗತಿಯಲ್ಲಿ ಓಮನ ನಿಯಮ ಬರೆಯಿಸುವ ನಾವೇ ಆ ನಿಯಮವನ್ನು ನಮ್ಮ ಗಾಡಿಗೆ ಅನ್ವಯಿಸಿರಲಿಲ್ಲ!

ಬೆಂಕಿಯ ಕಿಡಿ ಬರುವ ಬಗೆ

ಡೀಸೆಲ್ ಟ್ರ್ಯಾಕ್ಟರಿಗೆ ಕಿಡಿ ಬೇಕಿಲ್ಲ. ಒತ್ತಿದ ಗಾಳಿಯ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿ ಬೇಕು. ಬ್ಯಾಟರಿಯಿಂದ ಕಿಡಿ ಪಡೆಯುವ ಈ ಏರ್ಪಾಡನ್ನು ಸುಮಾರು 1910ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಢಿಗೆ ತಂದರು. ಕಾಯಿಲಿನೊಳಗೆ ದಪ್ಪ ತಂತಿಯ ಕೆಲವು ನೂರು ಸುತ್ತು, ಕೂದಲೆಳೆಯ ತಂತಿಯ ಸಾವಿರಾರು ಸುತ್ತು ಇರುತ್ತವೆ. ಪಾಯಿಂಟ್ ಮುಚ್ಚಿದಾಗ ದಪ್ಪ ತಂತಿಯಲ್ಲಿ ಕರೆಂಟು ಹರಿದು ಅಯಸ್ಕಾಂತ ಶಕ್ತಿ ತುಂಬುತ್ತದೆ. ಪಾಯಿಂಟ್ ತೆರೆದೊಡನೆ ಆ ಶಕ್ತಿ ಕುಸಿದು, ತೆಳು ತಂತಿಯಲ್ಲಿ ಸಾವಿರಾರು ವೋಲ್ಟು ಎದ್ದು, ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ.

ಲೆಕ್ಕ ಹಾಕಿ ನೋಡಿರಿ

ಸಾಮಾನ್ಯ 12 ವೋಲ್ಟಿನ ಕಾಯಿಲಿನ ದಪ್ಪ ತಂತಿಗೆ ಸುಮಾರು 3 ಓಮ್ ರೋಧವಿರುತ್ತದೆ. ಹನ್ನೆರಡನ್ನು ಮೂರರಿಂದ ಭಾಗಿಸಿದರೆ 4 ಆಂಪಿಯರ್. ಬ್ಯಾಲಾಸ್ಟ್ ಬೇಡುವ ಕಾಯಿಲಿಗೆ ಸುಮಾರು 1.5 ಓಮ್ ಮಾತ್ರ. ಅದಕ್ಕೆ 1.5 ಓಮಿನ ಬಿಳಿ ತುಂಡು ಸೇರಿದರೆ ಮತ್ತೆ 3 ಓಮ್, ಅದೇ 4 ಆಂಪಿಯರ್. ತುಂಡನ್ನು ತಪ್ಪಿಸಿದರೆ 8 ಆಂಪಿಯರ್. ಕರೆಂಟು ಇಮ್ಮಡಿಯಾದರೆ ಕಾಯಿಲಿನ ಕಾವು ನಾಲ್ಕು ಪಟ್ಟು ಏರುತ್ತದೆ. ಬಾವಿಯ ಪಂಪು ಜೋರಾಗಿದೆಯೆಂದು ಎಳೆ ಮೆಣಸಿನ ಸಸಿಮಡಿಗೆ ನೀರನ್ನು ಪೂರ್ತಿ ಬಿಡುವವರುಂಟೆ?

ಹಾಗಾದರೆ 3 ಓಮಿನ ಕಾಯಿಲನ್ನೇ ಹಾಕಬಾರದೇಕೆ? ಹಾಕಬಹುದು; ಅನೇಕ ಗಾಡಿಗಳಲ್ಲಿ ಅದೇ ಇದೆ. ಆದರೆ ಚಳಿಗಾಲದ ಬೆಳಗಿನಲ್ಲಿ ಸ್ಟಾರ್ಟರ್ ಮೋಟರು ತಿರುಗುವಾಗ ಬ್ಯಾಟರಿ 9 ವೋಲ್ಟಿಗೆ ಇಳಿಯುವುದುಂಟು. ಆಗ 3 ಓಮಿನ ಕಾಯಿಲಿಗೆ 3 ಆಂಪಿಯರ್ ಮಾತ್ರ ಸಿಗುತ್ತದೆ, ಕಿಡಿ ಸಪ್ಪೆಯಾಗುತ್ತದೆ. ಬ್ಯಾಲಾಸ್ಟ್ ಏರ್ಪಾಡು ಪೂರ್ಣವಾಗಿರುವ ಗಾಡಿಯಲ್ಲಿ, ಸ್ಟಾರ್ಟ್ ಮಾಡುವಷ್ಟು ಹೊತ್ತು ಮಾತ್ರ ಬೇರೊಂದು ತಂತಿ ತುಂಡನ್ನು ಬಳಸಿಕೊಂಡು ಹೋಗಿ ಕಾಯಿಲಿಗೆ ನೇರ ಕರೆಂಟು ಕೊಡುತ್ತದೆ. ಆಗ 6 ಆಂಪಿಯರ್ ಸಿಕ್ಕು ಕಿಡಿ ಬಲವಾಗುತ್ತದೆ. ಕೀಲಿ ಬಿಟ್ಟೊಡನೆ ಕರೆಂಟು ತುಂಡಿನ ಮೂಲಕವೇ ಹರಿಯಬೇಕು. ನಮ್ಮ ಜೀಪಿನ ತುಂಡಿನೊಳಗಿನ ತಂತಿ ಹರಿದಿತ್ತು. ಕೈ ಬಿಟ್ಟೊಡನೆ ಎಂಜಿನ್ ಆರಿದ್ದು ಅದಕ್ಕೇ.

ಇನ್ನೊಂದು ಸಂದರ್ಭವೂ ಉಂಟು. ಯುದ್ಧಕಾಲದ ವಿಲ್ಲೀಸ್ ಜೀಪಿನಂಥ ಹಳೆಯ ಗಾಡಿಗಳು 6 ವೋಲ್ಟಿನವು. ಅಂಥದಕ್ಕೆ 12 ವೋಲ್ಟಿನ ಬ್ಯಾಟರಿ ಕೂಡಿಸಿ ಹಳೆಯ ಕಾಯಿಲನ್ನೇ ಉಳಿಸಿದರೆ, ತಕ್ಕ ರೆಸಿಸ್ಟರ್ ಇರಲೇಬೇಕು.

ರೈತ ಬಂಧುಗಳು ನೆನಪಿಡಬೇಕಾದವು

1. ಕಾಯಿಲ್ ಕೊಳ್ಳುವಾಗ ಮೈಮೇಲಿನ ಇಂಗ್ಲಿಷ್ ಬರಹವನ್ನು ಶಾಲೆಯ ಹುಡುಗರಿಂದಾದರೂ ಓದಿಸಿರಿ. ‘ಯೂಸ್ ವಿತ್ ಎಕ್ಸ್‌ಟರ್ನಲ್ ರೆಸಿಸ್ಟರ್’ ಎಂದಿದ್ದರೆ ಬಿಳಿ ತುಂಡು ಬೇಕು. ‘ನೋ ಎಕ್ಸ್‌ಟರ್ನಲ್ ರೆಸಿಸ್ಟರ್’ ಎಂದಿದ್ದರೆ ಬೇಡ. ಹಾಕಿದರೆ ಕಿಡಿ ಕುಗ್ಗುತ್ತದೆ.

2. ಬರಹ ಅಳಿಸಿದ್ದರೆ, ತಂತಿಗಳನ್ನು ಬಿಚ್ಚಿ ಕಾಯಿಲಿನ ಎರಡು ಸಣ್ಣ ತಿರುಪುಗಳ ನಡುವೆ ಮೀಟರ್ ಇಟ್ಟು ರೋಧ ಅಳೆಯಿಸಿರಿ. 3 ಓಮಿನ ಹತ್ತಿರವೋ, 1.5ರ ಹತ್ತಿರವೋ ತಿಳಿಯುತ್ತದೆ.

3. ದಾರಿಯಲ್ಲಿ ತುಂಡು ಕೆಟ್ಟರೆ ತಂತಿ ಜೋಡಿಸಿ ಮನೆ ಮುಟ್ಟುವುದು ತಪ್ಪಲ್ಲ. ಮರುದಿನವೂ ಹಾಗೇ ಓಡಿಸುವುದು ತಪ್ಪು.

4. ಎಂಜಿನ್ ನಿಂತಿರುವಾಗ ಕೀಲಿಯನ್ನು ಆನ್ ಸ್ಥಿತಿಯಲ್ಲಿ ಬಿಡಬೇಡಿರಿ. ಪಾಯಿಂಟ್ ಮುಚ್ಚಿದ್ದರೆ ಕರೆಂಟು ಎಡೆಬಿಡದೆ ಹರಿದು ಕಾಯಿಲ್ ಸುಡುತ್ತದೆ.

5. ಬಿಳಿ ತುಂಡು ಬಿಸಿಯಾಗುವುದು ಅದರ ಧರ್ಮ. ಪೆಟ್ರೋಲ್ ಕೊಳವೆಯಿಂದ ದೂರವಿರಲಿ. ಮೇಲೆ ಬಟ್ಟೆ ಸುತ್ತಬೇಡಿರಿ.

6. ಕೆಲವು ಗಾಡಿಗಳಲ್ಲಿ ತುಂಡಿನ ಬದಲು ರೋಧವುಳ್ಳ ತಂತಿಯನ್ನೇ ಎಳೆದಿರುತ್ತಾರೆ. ಅದನ್ನು ಕತ್ತರಿಸಿ ಸಾದಾ ತಂತಿ ಹಾಕಿದರೆ ಫಲ ಒಂದೇ: ಸುಟ್ಟ ಕಾಯಿಲು.

ಪ್ಲಗ್ಗಿನ ಕಡೆಗೂ ರೋಧ ಇರುವುದುಂಟು. ಅದರ ಕೆಲಸ ಬೇರೆ. ಕೆಲವು ಸಾವಿರ ಓಮಿನ ಆ ರೋಧ ಕಿಡಿಯಿಂದೇಳುವ ರೇಡಿಯೋ ಗದ್ದಲವನ್ನು ತಗ್ಗಿಸುತ್ತದೆ. ಬಿಳಿ ತುಂಡಿನ ಬದಲು ಅದು ಸಲ್ಲದು.

ಈಗ ನಮ್ಮ ಜೀಪಿನಲ್ಲಿ ಹೊಸ ಕಾಯಿಲೂ ತಕ್ಕ ತುಂಡೂ ಕೂತಿವೆ. ಇನ್ನೊಂದು ತುಂಡು ಸೀಟಿನ ಕೆಳಗೆ ಪಾನದ ಜೊತೆಗಿದೆ. ಮುಂದಿನ ರಾಶಿಗೆ ಮುಂಚೆ ನಿಮ್ಮ ಗಾಡಿಯ ಬಾನೆಟ್ಟನ್ನೂ ಒಮ್ಮೆ ಎತ್ತಿ ನೋಡಿರಿ. ಆ ತುಂಡಿನ ತುದಿಯಿಂದ ತುದಿಗೆ ಯಾರಾದರೂ ತಂತಿ ಜೋಡಿಸಿದ್ದರೆ, ಚೀಲ ಹೇರುವ ಮೊದಲೇ ಸರಿಪಡಿಸಿಕೊಳ್ಳಿರಿ.