ಒಂದೇ ವಂಶವಾಹಿ, ಎರಡು ನಕಲು: ಬರಕ್ಕೆ ಗೋವಿನಜೋಳದ ಒಳಗುಟ್ಟು

ತುಬಚಿ (ಜಮಖಂಡಿ ತಾ.): ಏತ ನೀರಾವರಿ ಯೋಜನೆಯಿಂದ ರಾಜ್ಯಕ್ಕೆ ಪರಿಚಿತವಾದ ತುಬಚಿ ಇರುವ ಈ ಕೃಷ್ಣಾ ತೀರದ ಸೀಮೆಯಲ್ಲಿ ಬೆಳೆಗಳಿಗೆ ನೆಮ್ಮದಿ ಕಡಿಮೆ. 2019ರ ಆಗಸ್ಟ್‌ನಲ್ಲಿ ನದಿ ಉಕ್ಕಿ ಹೊಲಗಳು ಮುಳುಗಿದ್ದವು. ಬೇಸಿಗೆಯಲ್ಲಿ ಉರಿಬಿಸಿಲು, ಅತಿಯಾಗಿ ನೀರುಂಡ ಎರೆಭೂಮಿಯಲ್ಲಿ ಸವಳು-ಜವಳಿನ ಕಾಟ. ದನಕರುಗಳನ್ನಾದರೆ ನೆರಳಿಗೆ ಕಟ್ಟಬಹುದು, ಗೋವಿನಜೋಳ ಎಲ್ಲಿಗೆ ಹೋದೀತು? ನಿಂತಲ್ಲೇ ತನ್ನೊಳಗಿನ ವ್ಯವಹಾರವನ್ನು ಬದಲಿಸಿಕೊಳ್ಳುವುದೊಂದೇ ಅದಕ್ಕಿರುವ ದಾರಿ.

ಈ ಬದಲಾವಣೆಯ ಒಂದು ಮುಖ್ಯ ಹಂತ ನಡೆಯುವುದು ಆರ್‌ಎನ್‌ಎಯಲ್ಲಿ. ವಂಶವಾಹಿಯನ್ನು ಕಚೇರಿಯಲ್ಲಿ ಭದ್ರವಾಗಿರುವ ಮೂಲ ದಸ್ತಾವೇಜು ಎನ್ನುವುದಾದರೆ ಆರ್‌ಎನ್‌ಎ ಅದರ ನಕಲು. ಪ್ರೋಟೀನ್ ತಯಾರಾಗುವುದು ಈ ನಕಲನ್ನು ಓದಿಯೇ. ಆದರೆ ನಕಲಿನ ನಡುನಡುವೆ ಪ್ರೋಟೀನಿಗೆ ಬೇಡವಾದ ‘ಇಂಟ್ರಾನ್’ ಎಂಬ ಭಾಗಗಳಿರುತ್ತವೆ. ಅವನ್ನು ಕತ್ತರಿಸಿ ತೆಗೆದು ಉಳಿದ ತುಂಡುಗಳನ್ನು ಜೋಡಿಸುವ ಕ್ರಿಯೆಯೇ ‘ಸ್ಪ್ಲೈಸಿಂಗ್’. ವಂಶವಾಹಿಗಳು ಹೀಗೆ ತುಂಡುತುಂಡಾಗಿರುವುದನ್ನು 1977ರಲ್ಲಿ ಕಂಡುಹಿಡಿದ ರಿಚರ್ಡ್ ರಾಬರ್ಟ್ಸ್ ಹಾಗೂ ಫಿಲಿಪ್ ಶಾರ್ಪ್ ಅವರಿಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಸ್ವಾರಸ್ಯವಿರುವುದು ಮುಂದೆ. ಕತ್ತರಿ ಎಲ್ಲ ಸಲವೂ ಒಂದೇ ಕಡೆ ಬೀಳುವುದಿಲ್ಲ. ಗೋವಿನಜೋಳದಲ್ಲಿ ‘ಡಿಆರ್‌ಇಬಿ2ಎ’ ಎಂಬ ವಂಶವಾಹಿಯಿದೆ. ಇದು ಒಂದು ಬಗೆಯ ಮೇಸ್ತ್ರಿ. ಬರವನ್ನು ತಾಳಿಕೊಳ್ಳಲು ಬೇಕಾದ ಇತರ ವಂಶವಾಹಿಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಜಪಾನಿನ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇದರಿಂದ ಎರಡು ಬಗೆಯ ನಕಲುಗಳು ಹುಟ್ಟುತ್ತವೆ. ಒಂದರಲ್ಲಿ ಹೆಚ್ಚುವರಿ ತುಂಡೊಂದು ಉಳಿದು ಓದು ದಾರಿ ತಪ್ಪುತ್ತದೆ, ಮೇಸ್ತ್ರಿ ಸಿದ್ಧನಾಗುವುದಿಲ್ಲ. ಇನ್ನೊಂದು ಸರಿಯಾದ ನಕಲು. ನೀರಿನ ಕೊರತೆ, ಉಪ್ಪು, ಚಳಿ ಅಥವಾ ಬಿಸಿ ತಟ್ಟಿದಾಗ ಗಮನಾರ್ಹವಾಗಿ ಹೆಚ್ಚುವುದು ಈ ಸರಿಯಾದ ನಕಲು ಮಾತ್ರ. ಭತ್ತ, ಗೋದಿಗಳಲ್ಲಿಯೂ ಇದೇ ಬಗೆಯ ವ್ಯವಸ್ಥೆ ಕಂಡುಬಂದಿದೆ.

ಹಾಗಾದರೆ ಸರಿಯಾದ ನಕಲನ್ನೇ ಸದಾ ಇಟ್ಟುಕೊಳ್ಳಬಾರದೇಕೆ? ಬರದ ಸಿದ್ಧತೆಗೆ ಗಿಡವು ಬೆಲೆ ತೆರಬೇಕಾಗುತ್ತದೆ. ಇದೇ ಬಳಗದ ವಂಶವಾಹಿಯೊಂದನ್ನು ಸದಾಕಾಲ ಚಾಲನೆಯಲ್ಲಿರಿಸಿದ ಪ್ರಯೋಗದ ಗಿಡಗಳು ಬರವನ್ನು ತಾಳಿದವು ನಿಜ, ಆದರೆ ಕುಬ್ಜವಾಗಿ ಉಳಿದವು. ತೆನೆ ಬಯಸುವ ರೈತನಿಗೆ ಅಂಥ ಬೆಳೆ ಎಷ್ಟು ಗಟ್ಟಿಯಾದರೇನು!

ಇದೇನೂ ಒಂದೆರಡು ವಂಶವಾಹಿಗಳ ಮಾತಲ್ಲ. ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಸಸ್ಯದಲ್ಲಿ ಇಂಟ್ರಾನ್ ಉಳ್ಳ ವಂಶವಾಹಿಗಳ ಪೈಕಿ ಸುಮಾರು ಶೇ 61ರಷ್ಟು ಒಂದಕ್ಕಿಂತ ಹೆಚ್ಚು ಬಗೆಯ ನಕಲು ನೀಡುತ್ತವೆಂದು 2012ರ ಅಧ್ಯಯನವೊಂದು ತೋರಿಸಿತು. ಆದ್ದರಿಂದ ಬರ ತಾಳುವ ತಳಿಯನ್ನು ಅರಸುವವರು ಇಂಥ ವಂಶವಾಹಿ ಬೀಜದಲ್ಲಿದೆಯೇ ಎಂದಷ್ಟೇ ನೋಡಿದರೆ ಸಾಲದು. ಎಲೆ ಸುರುಳಿಗಟ್ಟಿದ ಹೊತ್ತಿನಲ್ಲಿ ಅದರ ಯಾವ ನಕಲು ಎಷ್ಟಿದೆ ಎಂಬುದನ್ನೂ ಅಳೆಯಬೇಕಾಗುತ್ತದೆ.