ಆಟದ ಹಾಡು ಮತ್ತು ಪ್ರಾಥಮಿಕ ಸಂಗೀತ ಶಿಕ್ಷಣ: ಕೂಡ್ಲಿಗಿ–ಹರಪನಹಳ್ಳಿ ಸೀಮೆಯ ನೆಲೆಯಿಂದ

ಜನಪದ ಗೀತೆಗಳ ಸಂಗ್ರಹವು ಕನ್ನಡ ವಿಭಾಗಗಳ ಮುಖ್ಯ ಕಾರ್ಯಗಳಲ್ಲಿ ಒಂದಾಗಿ ಬೆಳೆದುಬಂದಿದೆ. ಆದರೆ ಈ ಸಂಗ್ರಹಗಳಲ್ಲಿ ಮಕ್ಕಳ ಆಟದ ಹಾಡುಗಳಿಗೆ ದೊರೆತಿರುವ ಸ್ಥಾನ ಚಿಕ್ಕದು. ದೊರೆತಲ್ಲಿಯೂ ಅಚ್ಚಾಗಿರುವುದು ಬಹುಮಟ್ಟಿಗೆ ಅವುಗಳ ಮಾತು ಮಾತ್ರ. ಮಟ್ಟು, ಚಪ್ಪಾಳೆಯ ಲೆಕ್ಕ, ಹೆಜ್ಜೆಯ ಕ್ರಮ, ಆಟದ ನಿಯಮ ಇವು ಹೊರಗೇ ಉಳಿದಿವೆ. ಹೀಗೆ ಬಿಟ್ಟುಹೋದ ಭಾಗವೇ ಪ್ರಾಥಮಿಕ ಹಂತದ ಸಂಗೀತ ಶಿಕ್ಷಣಕ್ಕೆ ಬೇಕಾದ ಮೂಲ ಸಾಮಗ್ರಿ ಎಂಬುದನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳ ಹಿನ್ನೆಲೆಯಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ. ಇಂಥದೇ ಪ್ರಶ್ನೆಯನ್ನು ಎದುರಿಸಿದ ಜಪಾನಿನ ಅನುಭವವನ್ನು ಹೋಲಿಕೆಗಾಗಿ ಬಳಸಿಕೊಳ್ಳಲಾಗಿದೆ.

ಈ ಸೀಮೆಯ ಆಡಳಿತ ಗಡಿಗಳು ಹಲವು ಬಾರಿ ಬದಲಾಗಿವೆ. ೧೯೫೩ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಈ ಭಾಗ ಆ ವರ್ಷ ಮೈಸೂರಿಗೆ ಸೇರಿತು. ೧೯೯೭ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಗಿ, ಅನಂತರ ಬಳ್ಳಾರಿಗೆ ಮರಳಿತು. ೨೦೨೧ರಿಂದ ಐದೂ ತಾಲೂಕುಗಳು ವಿಜಯನಗರ ಜಿಲ್ಲೆಯಲ್ಲಿವೆ. ಆದರೆ ಹಾಡಿನ ಪರಂಪರೆ ಈ ಗಡಿಗಳನ್ನು ಅನುಸರಿಸಿದ್ದಲ್ಲ. ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವರು ಡಮರುಗ ನುಡಿಸುತ್ತಲೇ ಕುಣಿಯುತ್ತಾರೆ. ಚೌಡಿಕೆ ಹಿಡಿದ ಜೋಗತಿಯರು ಹಾಡುತ್ತಲೇ ಹೆಜ್ಜೆ ಹಾಕುತ್ತಾರೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ ೨೦೨೧ರಲ್ಲಿ ಪದ್ಮಶ್ರೀ ಸಂದುದರಿಂದ ಈ ಕಲೆ ನಾಡಿನ ಗಮನವನ್ನು ಸೆಳೆಯಿತು. ಇಲ್ಲೆಲ್ಲ ಹಾಡು, ವಾದ್ಯ, ಕುಣಿತಗಳು ಬೇರೆ ಬೇರೆ ವಿದ್ಯೆಗಳಲ್ಲ. ಮೈಯೇ ತಾಳದ ಆಧಾರ.

ಮಕ್ಕಳ ಆಟಗಳಲ್ಲಿಯೂ ಇದೇ ತತ್ವ ಕೆಲಸ ಮಾಡುತ್ತದೆ. ಆಣೆಕಲ್ಲಿನ ಆಟದಲ್ಲಿ ಮೇಲಕ್ಕೆ ಎಸೆದ ಕಲ್ಲು ಕೆಳಗೆ ಬೀಳುವುದರೊಳಗೆ ನೆಲದ ಕಲ್ಲನ್ನು ಎತ್ತಿಕೊಳ್ಳಬೇಕು. ಅದರ ಜೊತೆಗಿನ ಎಣಿಕೆಯ ಮಾತು ಸಮಕಾಲದ ಅಳತೆಯನ್ನು ಕೈಗೆ ಕಲಿಸುತ್ತದೆ. ಎದುರುಬದುರಾಗಿ ಕೈಹಿಡಿದು ಗಿರಗಿರನೆ ಸುತ್ತುವ ಫುಗಡಿಯಲ್ಲಿ ಲಯದ ವೇಗ ಏರುವುದನ್ನು ಮಗು ಮೈಯಿಂದಲೇ ಅರಿಯುತ್ತದೆ. ಗೌರಿ ಹುಣ್ಣಿಮೆಯ ಕೋಲಾಟದಲ್ಲಿ ಆವರ್ತ ಮುಗಿದಾಗ ಜೊತೆಗಾರ್ತಿ ಬದಲಾಗುತ್ತಾಳೆ. ಮಾತ್ರೆ ತಪ್ಪಿದರೆ ಕೋಲಿಗೆ ಕೋಲು ಸಿಗುವುದಿಲ್ಲ. ಮಳೆ ಬಾರದ ದಿನಗಳಲ್ಲಿ ಗುರ್ಜಿಯನ್ನು ತಲೆಯ ಮೇಲೆ ಹೊತ್ತ ಹುಡುಗ ಮನೆಮನೆಯ ಮುಂದೆ ತಿರುಗುವಾಗ ಜೊತೆಯ ಮಕ್ಕಳು ಹಾಡುತ್ತಾರೆ, ಮನೆಯವರು ನೀರು ಸುರಿಯುತ್ತಾರೆ. ಒಬ್ಬರ ಚಲನೆ ಹಲವರ ದನಿಯೊಡನೆ ಹೊಂದಿಕೊಳ್ಳುವ ಪಾಠ ಅಲ್ಲಿದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ತಪ್ಪನ್ನು ಶಿಕ್ಷಕರು ಹೇಳಬೇಕಾಗಿಲ್ಲ, ಆಟವೇ ತೋರಿಸುತ್ತದೆ. ಜೊತೆಗೆ ಇಂಥ ಹಾಡುಗಳು ಸಾಮಾನ್ಯವಾಗಿ ಮೂರು ನಾಲ್ಕು ಸ್ವರಗಳ ಒಳಗೇ ಮುಗಿಯುತ್ತವೆ. ಪುರಂದರದಾಸರಿಂದ ಬಂದುದೆಂದು ಪರಂಪರೆ ನಂಬುವ ಸರಳೆ ವರಸೆಗಳು ಮಾಯಾಮಾಳವಗೌಳದ ಏಳೂ ಸ್ವರಗಳನ್ನು ಬಳಸುತ್ತವೆ. ಅದರ ರಿಷಭ–ಗಾಂಧಾರಗಳ ನಡುವಿನ ಹಾಗೂ ಧೈವತ–ನಿಷಾದಗಳ ನಡುವಿನ ಅಂತರ ದೊಡ್ಡದು. ಗುರುವಿನ ಎದುರು ಕುಳಿತು ನಿತ್ಯ ಸಾಧನೆ ಮಾಡುವ ಶಿಷ್ಯನಿಗೆ ಆ ಕ್ರಮ ಸಾರ್ಥಕವಾದುದು. ಸಂಗೀತ ಶಿಕ್ಷಕರೇ ಇಲ್ಲದ ಹಳ್ಳಿಯ ಶಾಲೆಯಲ್ಲಿ ಒಂದನೆಯ ತರಗತಿಯ ಮಗುವಿಗೆ ಅದು ಮೊದಲ ಮೆಟ್ಟಿಲಾಗಲಾರದು. ಆಟದ ಹಾಡು ಆಗಬಲ್ಲುದು.

ಜಪಾನಿನ ಅನುಭವ ಈ ಸಂದರ್ಭದಲ್ಲಿ ಬೆಳಕು ನೀಡುತ್ತದೆ. ೧೮೭೯ರಲ್ಲಿ ಅಲ್ಲಿನ ಸರ್ಕಾರ ಸಂಗೀತ ಶಿಕ್ಷಣದ ಪರಿಶೀಲನೆಗಾಗಿ ಒಂದು ಸಂಸ್ಥೆಯನ್ನು ಆರಂಭಿಸಿತು. ಅದರ ಮುಖ್ಯಸ್ಥ ಇಸಾವಾ ಶೂಜಿ ಅಮೆರಿಕದ ಲೂಥರ್ ವೈಟಿಂಗ್ ಮೇಸನ್‌ನನ್ನು ಕರೆಸಿಕೊಂಡು ಶಾಲಾಗೀತೆಗಳ ಸಂಪುಟಗಳನ್ನು ಸಿದ್ಧಪಡಿಸಿದ. ಅವುಗಳಲ್ಲಿ ಅನೇಕ ಗೀತೆಗಳು ಪಾಶ್ಚಾತ್ಯ ಮಟ್ಟುಗಳಿಗೆ ಜಪಾನಿ ಮಾತುಗಳನ್ನು ಹೊಂದಿಸಿದವು. ಮಕ್ಕಳು ಬೀದಿಯಲ್ಲಿ ಹಾಡುತ್ತಿದ್ದ ‘ವಾರಾಬೆ ಉತಾ’, ಅಂದರೆ ಆಟದ ಹಾಡುಗಳು, ಶಾಲೆಯ ಹೊರಗೇ ಉಳಿದವು. ಎರಡನೆಯ ಮಹಾಯುದ್ಧದ ಅನಂತರ ಸಂಗೀತ ವಿದ್ವಾಂಸ ಕೊಯಿಜುಮಿ ಫುಮಿಯೊ (೧೯೨೭–೧೯೮೩) ತನ್ನ ವಿದ್ಯಾರ್ಥಿಗಳೊಡನೆ ಟೋಕಿಯೊ ಮಕ್ಕಳ ಈ ಹಾಡುಗಳನ್ನು ಸಂಗ್ರಹಿಸಿ, ಅವು ಎರಡು ಮೂರು ಸ್ವರಗಳಿಂದ ಹೇಗೆ ಬೆಳೆಯುತ್ತವೆ ಎಂಬುದನ್ನು ವಿಶ್ಲೇಷಿಸಿದ. ಭಾರತಕ್ಕೆ ಬಂದು ಇಲ್ಲಿನ ಸಂಗೀತವನ್ನೂ ಅಭ್ಯಾಸ ಮಾಡಿದ್ದ ಆತನ ದೃಷ್ಟಿಯಲ್ಲಿ ಮಗುವಿನ ಸಂಗೀತ ಶಿಕ್ಷಣ ಅದರ ಮಾತೃಭಾಷೆಯ ದನಿಯಿಂದಲೇ ತೊಡಗಬೇಕು.

‘ಕಾಗೊಮೆ’ ಎಂಬ ಜಪಾನಿ ಆಟದಲ್ಲಿ ಕಣ್ಣು ಮುಚ್ಚಿದ ಮಗು ನಡುವೆ ಕುಳಿತಿರುತ್ತದೆ. ಉಳಿದವರು ಹಾಡುತ್ತ ಸುತ್ತುತ್ತಾರೆ. ಹಾಡು ನಿಂತಾಗ ಬೆನ್ನ ಹಿಂದೆ ಇರುವವರು ಯಾರೆಂದು ಆ ಮಗು ಹೇಳಬೇಕು. ನಮ್ಮ ಕಣ್ಣಾಮುಚ್ಚಾಲೆಯೊಡನೆ ಇದರ ಸಾಮ್ಯ ಸ್ಪಷ್ಟ. ಎರಡರಲ್ಲಿಯೂ ಹಾಡು ಮುಗಿಯುವ ಕ್ಷಣವೇ ಆಟದ ತಿರುವು. ಆದ್ದರಿಂದ ಮಗು ಹಾಡಿನ ಅಂತ್ಯವನ್ನು ಕಿವಿಗೊಟ್ಟು ಕಾಯುತ್ತದೆ.

ಚಲನೆಯ ಮೂಲಕ ಸಂಗೀತ ಕಲಿಸುವ ವಿಧಾನ ಕನ್ನಡ ಓದುಗರಿಗೆ ಹೊಸದಲ್ಲ. ಕುರೊಯಾನಗಿ ತೆತ್ಸುಕೊ ಅವರ ‘ತೊತ್ತೊ-ಚಾನ್’ (೧೯೮೧) ಕನ್ನಡಕ್ಕೂ ಬಂದಿದೆ. ಅದರಲ್ಲಿ ಚಿತ್ರಿತನಾದ ಶಿಕ್ಷಕ ಕೊಬಾಯಾಶಿ ಸೊಸಾಕು ಯೂರೋಪಿಗೆ ಹೋಗಿ, ಸ್ವಿಟ್ಜರ್ಲೆಂಡಿನ ಸಂಗೀತ ಶಿಕ್ಷಕ ಡಾಲ್ಕ್ರೋಜ್‌ನ ಲಯಚಲನೆಯ ಪದ್ಧತಿಯನ್ನು ಕಲಿತು ಬಂದವನು. ೧೯೩೭ರಲ್ಲಿ ಆರಂಭಿಸಿದ ತನ್ನ ಶಾಲೆಯಲ್ಲಿ ಆತ ಅದನ್ನು ನಿತ್ಯದ ಪಾಠವಾಗಿಸಿದ. ೧೯೪೫ರ ಬಾಂಬ್ ದಾಳಿಯಲ್ಲಿ ಶಾಲೆ ಸುಟ್ಟುಹೋಯಿತು. ಕೊಬಾಯಾಶಿ ದೂರದಿಂದ ತಂದ ತತ್ವ ಗೊರವರ ಕುಣಿತದಲ್ಲಿಯೂ ಹುಡುಗಿಯರ ಕೋಲಾಟದಲ್ಲಿಯೂ ಇದೆ. ಇಲ್ಲಿ ಕೊರತೆಯಿರುವುದು ಅದನ್ನು ಪಾಠಕ್ರಮವಾಗಿ ಜೋಡಿಸುವ ಕೆಲಸದಲ್ಲಿ.

ಈ ಕೆಲಸಕ್ಕೆ ಇಂದು ಎರಡು ಕಾರಣಗಳಿಂದ ತುರ್ತು ಇದೆ. ಮೊದಲನೆಯದು ಭಾಷೆಗೆ ಸಂಬಂಧಿಸಿದ್ದು. ಈ ತಾಲೂಕುಗಳ ತಾಂಡಾಗಳಲ್ಲಿ ಮಕ್ಕಳ ಮನೆಮಾತು ಲಂಬಾಣಿ. ಕನ್ನಡ ಓದು ಇನ್ನೂ ಕೈಗೂಡದ ಮಗು ಕೂಡ ಚಪ್ಪಾಳೆಯ ಆಟದಲ್ಲಿ ಮೊದಲ ದಿನವೇ ಸಮಪಾಲು ಪಡೆಯುತ್ತದೆ. ಹಾಡಿನೊಡನೆ ಮಾತೂ ಬರುತ್ತದೆ. ಎರಡನೆಯದು ಗುಳೆ. ದುಡಿಮೆಗಾಗಿ ಕುಟುಂಬಗಳು ಊರು ಬಿಟ್ಟಾಗ ಮಕ್ಕಳ ಗುಂಪು ಒಡೆಯುತ್ತದೆ. ಹಿರಿಯ ಮಗುವಿನಿಂದ ಕಿರಿಯ ಮಗುವಿಗೆ ಸಾಗುವ ಈ ಹಾಡುಗಳಿಗೆ ಗುಂಪು ಒಡೆದರೆ ಬೇರೆ ದಾರಿಯಿಲ್ಲ.

ಕನ್ನಡ ಅಧ್ಯಾಪಕರಿಗೆ ಇದರಲ್ಲಿ ನೇರ ಪ್ರಯೋಜನವೂ ಇದೆ. ತ್ರಿಪದಿಯ ಹನ್ನೊಂದು ಗಣಗಳಲ್ಲಿ ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ ಎಂದು ತರಗತಿಯಲ್ಲಿ ಹೇಳುತ್ತೇವೆ. ಆದರೆ ಅಂಶಗಣದ ಅಳತೆ ಎಳೆದು ಹಾಡಿದಾಗ ತುಂಬುವಂಥದು. ಕಾಗದದ ಮೇಲೆ ಗೆರೆ ಎಳೆದು ಮಾತ್ರ ತಿಳಿಯುವಂಥದಲ್ಲ. ಬಾಲ್ಯದಲ್ಲಿ ಕೈಗೂ ಕಾಲಿಗೂ ಲಯ ಹತ್ತಿದ ವಿದ್ಯಾರ್ಥಿಗೆ ಛಂದಸ್ಸು ಒಣ ಲೆಕ್ಕವಾಗಿ ಉಳಿಯುವುದಿಲ್ಲ.

ಆದ್ದರಿಂದ ಮುಂದಿನ ಕ್ಷೇತ್ರಕಾರ್ಯದಲ್ಲಿ ಪ್ರತಿಯೊಂದು ಹಾಡಿನೊಡನೆ ಐದು ಸಂಗತಿಗಳು ದಾಖಲಾಗಬೇಕು: ಧ್ವನಿಮುದ್ರಿತ ಮಟ್ಟು, ಬಳಸಿದ ಸ್ವರಗಳು, ಚಪ್ಪಾಳೆ ಅಥವಾ ಹೆಜ್ಜೆ ಬೀಳುವ ಸ್ಥಾನ, ಆಟದ ನಿಯಮ, ಆಡುವ ಕಾಲ. ಹೀಗೆ ದೊರೆತ ಸಾಮಗ್ರಿಯನ್ನು ಸ್ವರಗಳ ಸಂಖ್ಯೆಗೆ ಅನುಗುಣವಾಗಿ ಜೋಡಿಸಿದರೆ ಮೊದಲ ಮೂರು ತರಗತಿಗಳ ಪಾಠ ತಾನಾಗಿ ರೂಪುಗೊಳ್ಳುತ್ತದೆ. ಹಾಡು ಮತ್ತು ಚಟುವಟಿಕೆಗಳಿಗೆ ಎಡೆಯಿರುವ ನಲಿ-ಕಲಿ ತರಗತಿಗಳು ಅದಕ್ಕೆ ಸಿದ್ಧವಾದ ಅಂಗಳ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ತಾಲೂಕುಗಳ ನೆರೆಯಲ್ಲಿಯೇ ಇದೆ. ಜಾನಪದ, ಸಂಗೀತ, ಛಂದಸ್ಸುಗಳ ಅಭ್ಯಾಸಿಗಳು ಒಟ್ಟಿಗೆ ಕೈಹಾಕಿದರೆ, ಅಚ್ಚಿನಲ್ಲಿ ಮಾತಾಗಿ ಮಾತ್ರ ಉಳಿದ ಹಾಡುಗಳು ಮತ್ತೆ ಮಕ್ಕಳ ಬಾಯಿಗೂ ಕಾಲಿಗೂ ಮರಳಬಹುದು.